‘ಅವನು ಯಾಕೆ ಒಪ್ಪಿಕೊಂಡ?’: ಚಿಕ್ಕಮಗಳೂರಿನ ಒಂದು ಚಿತ್ರ ಸಂವಾದದ ಪ್ರಕರಣ ಅಧ್ಯಯನ

ಈ ಬರಹದಲ್ಲಿ ಬಳಗದವರ ಹೆಸರಿಲ್ಲ. ಯಾವ ಕಾಲೇಜು, ಯಾವ ಹಾಲ್ ಅಂತಲೂ ಹೇಳಿಲ್ಲ. ಗುರುತು ಸಿಗಬಹುದಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಇದರಲ್ಲಿ ಬರುವ ಹಿರಿಯರೊಬ್ಬರು ತಮ್ಮ ಭಾಗವನ್ನು ಓದಿಸಿಕೊಂಡು ಕೇಳಿ, “ಊರು ಬೇಡ, ತಾಲೂಕೂ ಬೇಡ, ಉಳಿದದ್ದು ಇರಲಿ” ಎಂದರು. ಹಾಗೇ ಮಾಡಿದ್ದೇನೆ.

ಬಳಗ ಮತ್ತು ಚಿತ್ರ

ಚಿಕ್ಕಮಗಳೂರಿನ ಈ ಚಿತ್ರ ಬಳಗ ಸಣ್ಣದು. ಕಾಲೇಜು ಮೇಷ್ಟ್ರುಗಳು, ಬ್ಯಾಂಕಿನವರು, ಒಬ್ಬ ವಕೀಲರು, ಇಬ್ಬರು ಕಾಫಿ ಬೆಳೆಗಾರರು, ತಾಲೂಕು ಮಟ್ಟದಲ್ಲಿ ಸುದ್ದಿ ಕಳಿಸುವ ಕೆಲವು ವರದಿಗಾರರು, ಜೊತೆಗೆ ಪದವಿ ವಿದ್ಯಾರ್ಥಿಗಳು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ತೋಟದವರು ಬರುವುದಿಲ್ಲ. ಮಳೆ ಹಿಡಿದರೆ ಮೂಡಿಗೆರೆ ಕಡೆಯವರು ಬರುವುದಿಲ್ಲ. ಹಾಗಾಗಿ ಒಳ್ಳೆಯ ಚಿತ್ರಗಳೆಲ್ಲ ಬೇಸಿಗೆಯಲ್ಲೇ. ಸಂಚಾಲಕಿ ಪತ್ರಿಕೋದ್ಯಮ ಕಲಿಸುವ ಉಪನ್ಯಾಸಕಿ. ತಮ್ಮ ವಿದ್ಯಾರ್ಥಿಗಳಿಗಾಗಿ ಅವರು ಆರಿಸಿದ ಚಿತ್ರ 2014ರ ‘ರೋಸ್‌ವಾಟರ್’.

ಇದು ನಿಜವಾಗಿ ನಡೆದ ಕಥೆ. ಮಾಜಿಯಾರ್ ಬಹಾರಿ ಇರಾನಿನಲ್ಲಿ ಹುಟ್ಟಿ ಕೆನಡಾದ ಪೌರತ್ವ ಪಡೆದ ಪತ್ರಕರ್ತ. 2009ರ ಜೂನ್‌ನಲ್ಲಿ ‘ನ್ಯೂಸ್‌ವೀಕ್’ ಪತ್ರಿಕೆಗಾಗಿ ಇರಾನಿನ ಅಧ್ಯಕ್ಷ ಚುನಾವಣೆ ವರದಿ ಮಾಡಲು ಟೆಹರಾನ್‌ಗೆ ಹೋದರು. ಗರ್ಭಿಣಿ ಸಂಗಾತಿ ಲಂಡನ್ನಿನಲ್ಲಿದ್ದರು. ಜೂನ್ 12ಕ್ಕೆ ಮತದಾನ ಆಯಿತು. ಆಗಿನ ಅಧ್ಯಕ್ಷ ಅಹ್ಮದಿನೆಜಾದ್ ಮತ್ತೆ ಗೆದ್ದರು ಎಂಬ ಘೋಷಣೆ ಬಂತು. ಫಲಿತಾಂಶ ನಂಬದ ಜನ ಲಕ್ಷಗಟ್ಟಲೆ ಬೀದಿಗೆ ಬಂದರು. ಬಹಾರಿ ಅದನ್ನೆಲ್ಲ ಚಿತ್ರೀಕರಿಸಿದರು. ಜೂನ್ 21ರ ಬೆಳಿಗ್ಗೆ ತಾಯಿಯ ಮನೆಯಲ್ಲಿ ಮಲಗಿದ್ದವರನ್ನು ಎಬ್ಬಿಸಿ ಸರ್ಕಾರದವರು ಟೆಹರಾನಿನ ಎವಿನ್ ಜೈಲಿಗೆ ಕರೆದುಕೊಂಡು ಹೋದರು. ಆರೋಪ ಗೂಢಚಾರಿಕೆ. 118 ದಿನ ಒಳಗಿದ್ದರು. ವಿಚಾರಣೆ ಮಾಡುವವನ ಮುಖ ಕಾಣದ ಹಾಗೆ ಕಣ್ಣಿಗೆ ಪಟ್ಟಿ. ಅವನು ಹತ್ತಿರ ಬಂದಾಗ ಪನ್ನೀರಿನ ವಾಸನೆ ಬರುತ್ತಿತ್ತು. ಚಿತ್ರದ ಹೆಸರು ಬಂದದ್ದು ಅಲ್ಲಿಂದ.

ನಿರ್ದೇಶಕ ಜಾನ್ ಸ್ಟುವರ್ಟ್ ಅಮೆರಿಕದ ಟಿವಿ ಹಾಸ್ಯಗಾರ. ಈ ಕಥೆಗೂ ಅವರಿಗೂ ನೇರ ಸಂಬಂಧವಿದೆ. ಬಂಧನಕ್ಕೆ ಸ್ವಲ್ಪ ದಿನ ಮೊದಲು ಅವರ ಕಾರ್ಯಕ್ರಮದ ಒಬ್ಬ ನಟ ಟೆಹರಾನ್‌ಗೆ ಹೋಗಿ, ತಮಾಷೆಗೆ ಗೂಢಚಾರನ ವೇಷ ಹಾಕಿ ಬಹಾರಿಯವರನ್ನು ಸಂದರ್ಶಿಸಿದ್ದ. ಜೈಲಿನಲ್ಲಿ ಅದೇ ತುಣುಕನ್ನು ಸಾಕ್ಷಿ ಅಂತ ಮುಂದೆ ಇಟ್ಟರು. ಸ್ಟುವರ್ಟ್ 2013ರ ಬೇಸಿಗೆಯಲ್ಲಿ ಕಾರ್ಯಕ್ರಮದಿಂದ ರಜೆ ತೆಗೆದುಕೊಂಡು ಜೋರ್ಡಾನ್‌ನಲ್ಲಿ ಈ ಚಿತ್ರ ತೆಗೆದರು. ಬಹಾರಿಯ ಪಾತ್ರ ಮಾಡಿದವರು ಮೆಕ್ಸಿಕೋದ ನಟ ಗೇಲ್ ಗಾರ್ಸಿಯಾ ಬರ್ನಾಲ್.

ಮಾತು ಬಹುತೇಕ ಇಂಗ್ಲಿಷ್‌ನಲ್ಲಿದ್ದ ಕಾರಣ ಸಂಚಾಲಕಿ ಕನ್ನಡದಲ್ಲಿ ಒಂದು ಪುಟದ ಟಿಪ್ಪಣಿ ಮಾಡಿ ಹಂಚಿದ್ದರು. ಅದು ಸಾಕಾಯಿತು. ಭಾಷೆಯಿಂದ ತೊಂದರೆ ಆಗಲಿಲ್ಲ.

ಎರಡು ಕಡೆಯಿಂದ ಕೆಟ್ಟ ಸಂವಾದ

ಚಿತ್ರ ಮುಗಿದ ಮೇಲೆ ಹೊರಗಿನಿಂದ ಬಂದಿದ್ದ ಅತಿಥಿಯೊಬ್ಬರು ಪತ್ರಿಕಾ ಸ್ವಾತಂತ್ರ್ಯದ ಬಗ್ಗೆ ಮಾತಾಡಿದರು. ಒಳ್ಳೆಯ ಮಾತೇ. ‘ಗಡಿಯಿಲ್ಲದ ವರದಿಗಾರರು’ ಸಂಸ್ಥೆಯ 2025ರ ಪಟ್ಟಿಯಲ್ಲಿ 180 ದೇಶಗಳ ಪೈಕಿ ಭಾರತ 151ನೇ ಸ್ಥಾನದಲ್ಲಿದೆ ಎಂದರು. ಅಲ್ಲಿಗೆ ಹಾಲ್ ಎರಡಾಯಿತು. ಒಬ್ಬರು ಎದ್ದು, “ಹಾಗಾದ್ರೆ ತುರ್ತು ಪರಿಸ್ಥಿತಿ ಬಗ್ಗೆಯೂ ಹೇಳಿ” ಎಂದರು. ಇನ್ನೊಬ್ಬರು, “ಈಗಿನದ್ದನ್ನು ಮುಚ್ಚಿಡೋಕೆ ಅದನ್ನ ತೆಗೀತೀರಿ” ಎಂದರು.

ಬೇರೆ ಊರಲ್ಲಾದರೆ ಈ ಜಗಳ ಅಲ್ಲಿಗೇ ನಿಲ್ಲುತ್ತಿತ್ತೋ ಏನೋ. ಚಿಕ್ಕಮಗಳೂರಿನಲ್ಲಿ ನಿಲ್ಲುವುದಿಲ್ಲ. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿ ಅವರನ್ನು 1978ರ ನವೆಂಬರ್ ಉಪಚುನಾವಣೆಯಲ್ಲಿ ಮತ್ತೆ ಲೋಕಸಭೆಗೆ ಕಳಿಸಿದ ಕ್ಷೇತ್ರ ಇದು. ಆಗಿನ ಸಂಸದ ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟರು. ಎದುರಿಗೆ ನಿಂತವರು ಜನತಾ ಪಕ್ಷದ ವೀರೇಂದ್ರ ಪಾಟೀಲರು. ಇಂದಿರಾ 70 ಸಾವಿರಕ್ಕೂ ಹೆಚ್ಚು ಮತಗಳಿಂದ ಗೆದ್ದರು. ಆ ಚುನಾವಣೆ ಇಲ್ಲಿ ಎಷ್ಟೋ ಮನೆಗಳ ಕಥೆ. ಇಂದಿರಮ್ಮನ ಕೈ ಮುಟ್ಟಿದ ಹೆಂಗಸರು ಈಗಲೂ ಅದನ್ನು ಹೇಳಿಕೊಳ್ಳುತ್ತಾರೆ. ಹಾಗೆಯೇ ತುರ್ತು ಪರಿಸ್ಥಿತಿಯಲ್ಲಿ ಜೈಲಿಗೆ ಹೋದವರ ಮನೆಗಳೂ ಇಲ್ಲಿವೆ. ಎರಡೂ ಕಡೆಯವರು ಅವತ್ತು ಒಂದೇ ಹಾಲ್‌ನಲ್ಲಿ ಕೂತಿದ್ದರು. ಬಹಾರಿಯನ್ನು ಎಲ್ಲರೂ ಮರೆತರು.

ಇನ್ನೊಂದು ತೊಡಕು ಹಿಂದಿನ ಸಾಲಿನಿಂದ ಬಂತು. ನನಗೆ ಅದೇ ದೊಡ್ಡದು ಅನಿಸಿತು. ಕೊನೆಯ ವರ್ಷದ ವಿದ್ಯಾರ್ಥಿಯೊಬ್ಬ ಎದ್ದು ಕೇಳಿದ: “ಮೇಡಂ, ಇವನನ್ನ ಯಾಕೆ ಹೀರೋ ಅಂತ ತೋರಿಸಿದ್ದು? ಟಿವಿ ಕ್ಯಾಮೆರಾ ಮುಂದೆ ಕೂತು ತಪ್ಪು ಒಪ್ಪಿಕೊಂಡ್ನಲ್ಲ. ಅವರಪ್ಪ ಒಪ್ಪಿರಲಿಲ್ಲ. ಇವನು ಯಾಕೆ ಒಪ್ಪಿಕೊಂಡ?” ಹಿಂದಿನ ಸಾಲು ಚಪ್ಪಾಳೆ ಹೊಡೆಯಿತು.

ಪ್ರಶ್ನೆ ಸುಮ್ನೆ ಬಂದದ್ದಲ್ಲ. ಚಿತ್ರದ ಒಳಗೇ ಅದಿದೆ. ಬಹಾರಿಯ ತಂದೆ ಕಮ್ಯುನಿಸ್ಟ್, ಇರಾನಿನ ದೊರೆ ಶಾ ಆಡಳಿತದಲ್ಲಿ ಜೈಲು ಕಂಡವರು. ಅಕ್ಕ 1980ರ ದಶಕದಲ್ಲಿ, ಶಾ ನಂತರ ಬಂದ ಧಾರ್ಮಿಕ ನಾಯಕ ಖೊಮೇನಿ ಕಾಲದಲ್ಲಿ ಜೈಲಿಗೆ ಹೋದವರು. ಒಂಟಿ ಕೋಣೆಯಲ್ಲಿ ಬಹಾರಿ ಈ ಇಬ್ಬರ ಜೊತೆ ಮನಸ್ಸಿನಲ್ಲೇ ಮಾತಾಡುತ್ತಾರೆ. ತಂದೆಯದ್ದು ಒಂದೇ ಮಾತು, ಗಟ್ಟಿಯಾಗಿರು. ಮಗ ಕೊನೆಗೆ ಕ್ಯಾಮೆರಾ ಮುಂದೆ ಕೂರುತ್ತಾನೆ. ನಾಯಕ ಹೊಡೆಸಿಕೊಂಡು ರಕ್ತ ಸುರಿಸಿದರೂ ಬಗ್ಗದ ಸಿನಿಮಾಗಳನ್ನು ನೋಡಿ ಬೆಳೆದ ಹುಡುಗರಿಗೆ ಇದು ಸೋಲು ಅನಿಸಿದರೆ ತಪ್ಪೇನು?

ಅತಿಥಿ, “ಅವನ ಜಾಗದಲ್ಲಿ ನೀನಿದ್ದರೆ ಗೊತ್ತಾಗ್ತಿತ್ತು” ಎಂದು ಉತ್ತರ ಕೊಟ್ಟರು. ಹುಡುಗ ಕೂತುಬಿಟ್ಟ. ಉತ್ತರ ಸಿಕ್ಕಿದ್ದಕ್ಕೆ ಕೂತದ್ದಲ್ಲ, ಅವಮಾನ ಆಗಿ ಕೂತದ್ದು. ಮುಖ ನೋಡಿದರೇ ತಿಳಿಯುತ್ತಿತ್ತು.

ಇಲ್ಲಿ ಸಂಚಾಲಕಿ ಮೊದಲ ಮುಖ್ಯ ತೀರ್ಮಾನ ತೆಗೆದುಕೊಂಡರು. ಜಗಳ ಬಿಡಿಸಲು ಹೋಗಲಿಲ್ಲ. ಸಮಾರೋಪದ ಭಾಷಣವನ್ನೂ ಮಾಡಲಿಲ್ಲ. “ಆ ಹುಡುಗನ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಅದಕ್ಕಾಗಿಯೇ ಇನ್ನೊಂದು ಸಂಜೆ ಸೇರೋಣ” ಎಂದು ಹೇಳಿ ದೀಪ ಹಾಕಿಸಿದರು.

ಎರಡನೇ ಸಂಜೆಗೆ ಮೊದಲು

ಬಳಗದಲ್ಲಿ ಇದಕ್ಕೆ ವಿರೋಧವಿತ್ತು. ಹಾಲ್‌ನವರು ಆಗಲೇ ಫೋನ್ ಮಾಡಿ, ಗಲಾಟೆ ಆಗುವ ಕಾರ್ಯಕ್ರಮ ಬೇಡ ಎಂದಿದ್ದರು. ಒಬ್ಬ ಬೆಳೆಗಾರರು, “ಸಿನಿಮಾ ತೋರಿಸೋದಷ್ಟೇ ನಮ್ಮ ಕೆಲಸ, ರಾಜಕೀಯ ಯಾಕೆ?” ಎಂದರು. ಇನ್ನೂ ದೊಡ್ಡ ಅತಿಥಿಯನ್ನು ಬೆಂಗಳೂರಿನಿಂದ ಕರೆಸೋಣ ಎಂದವರೂ ಇದ್ದರು. ತುರ್ತು ಪರಿಸ್ಥಿತಿಯ ಬಗ್ಗೆಯೇ ಒಂದು ಉಪನ್ಯಾಸ ಇಡೋಣ ಎಂಬ ಸಲಹೆಯೂ ಬಂತು. ವಿಷಯವೇನೋ ಬೇಕಾದಷ್ಟಿದೆ. 1975ರ ಜೂನ್ 25ರ ರಾತ್ರಿಯಿಂದ 1977ರ ಮಾರ್ಚ್ 21ರವರೆಗೆ ತುರ್ತು ಪರಿಸ್ಥಿತಿ. ಪತ್ರಿಕೆಗಳ ಮೇಲೆ ಸೆನ್ಸಾರ್. ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಅಚ್ಚು ಹಾಕಿದ ‘ಇಂಡಿಯನ್ ಎಕ್ಸ್‌ಪ್ರೆಸ್’. ಜೈಲಿಗೆ ಹೋದ ಪತ್ರಕರ್ತ ಕುಲದೀಪ್ ನಯ್ಯರ್. ಈಗ ಫ್ರೀಡಂ ಪಾರ್ಕ್ ಆಗಿರುವ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ವಾಜಪೇಯಿ, ಆಡ್ವಾಣಿ, ಮಧು ದಂಡವತೆ ಇದ್ದರು. ನಮ್ಮ ಪಕ್ಕದ ಹಾಸನದ ದೇವೇಗೌಡರೂ ಇದ್ದರು. ಆಸ್ತಮಾ ಇದ್ದ ನಟಿ ಸ್ನೇಹಲತಾ ರೆಡ್ಡಿ ಅದೇ ಜೈಲಿನಲ್ಲಿ ನರಳಿ, ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ತೀರಿಕೊಂಡರು.

ಸಂಚಾಲಕಿ ಯಾವುದಕ್ಕೂ ಒಪ್ಪಲಿಲ್ಲ. “ಉಪನ್ಯಾಸ ಇಟ್ಟರೆ ಪ್ರಶ್ನೆ ಕೇಳಿದ ಹುಡುಗ ಮತ್ತೆ ಹಿಂದಿನ ಸಾಲಿಗೆ ಹೋಗ್ತಾನೆ” ಎಂದರು. ಅವರು ಆರಿಸಿದ ದಾರಿ ಸರಳವಾಗಿತ್ತು. ಚಿತ್ರದಿಂದ ಮೂರೇ ದೃಶ್ಯ: ಮನೆ ಶೋಧ, ಹಾಸ್ಯ ಸಂದರ್ಶನವನ್ನು ಸಾಕ್ಷಿಯಾಗಿ ತೋರಿಸುವುದು, ತಪ್ಪೊಪ್ಪಿಗೆ. ನೋಡಿದವರು ಕಾಗದದ ಮೇಲೆ ಬರೆಯಬೇಕು. ವಿಚಾರಣೆ ಮಾಡುವವನು ಏನು ಕೇಳಿದ, ಅವನಿಗೆ ನಿಜವಾಗಿ ಏನು ಬೇಕಿತ್ತು, ಬದಲಿಗೆ ಏನು ಕೊಡ್ತೀನಿ ಅಂದ. ಯಾವ ಪಕ್ಷದ ಹೆಸರನ್ನೂ ಎತ್ತುವ ಹಾಗಿಲ್ಲ. ಅವಮಾನ ಆಗಿದ್ದ ಹುಡುಗನ ಹತ್ತಿರ ಅವರೇ ಹೋಗಿ, ಕಾಗದಗಳನ್ನು ಓದಿ ಹೇಳುವ ಕೆಲಸ ಅವನಿಗೇ ಕೊಟ್ಟರು. ಇಡೀ ಪ್ರಕರಣದಲ್ಲಿ ಅತ್ಯಂತ ಬುದ್ಧಿವಂತಿಕೆಯ ಹೆಜ್ಜೆ ಇದು ಎಂದು ನನ್ನ ಅಭಿಪ್ರಾಯ. ಅವನನ್ನು ಒಲಿಸಿಕೊಳ್ಳಲು ಮಾಡಿದ್ದಲ್ಲ. ಅವನ ಪ್ರಶ್ನೆಗೆ ಬೆಲೆ ಇದೆ ಎಂದು ಅವರು ನಿಜಕ್ಕೂ ನಂಬಿದ್ದರು.

ಕಾಗದಗಳಲ್ಲಿ ಸಿಕ್ಕಿದ್ದು

ಎರಡನೇ ಸಂಜೆ ಜನ ಕಡಿಮೆ. ಜಗಳ ಆಡಲು ಬಂದಿದ್ದವರಲ್ಲಿ ಹೆಚ್ಚಿನವರು ಬರಲಿಲ್ಲ.

ಮನೆ ಶೋಧದ ದೃಶ್ಯದಲ್ಲಿ ಬಂದವರು ಡಿವಿಡಿಗಳನ್ನು ಒಂದೊಂದಾಗಿ ಎತ್ತಿ, ಇದು ಅಶ್ಲೀಲ ಚಿತ್ರವಾ ಎಂದು ಕೇಳುತ್ತಾರೆ. ಮೊದಲ ದಿನ ಇದಕ್ಕೆ ಎಲ್ಲರೂ ನಕ್ಕಿದ್ದರು. ಈಗ ಒಬ್ಬ ಹುಡುಗಿ ಬರೆದಿದ್ದಳು: “ಏನು ಹುಡುಕಬೇಕು ಅಂತ ಅವರಿಗೇ ಗೊತ್ತಿಲ್ಲ. ಸಿಕ್ಕಿದ್ದನ್ನೇ ತಪ್ಪು ಮಾಡಬೇಕು.” ಸಂದರ್ಶನದ ದೃಶ್ಯಕ್ಕೆ ಇನ್ನೊಬ್ಬ ಬರೆದಿದ್ದ: “ತಮಾಷೆ ಅಂತ ಅವನಿಗೂ ಗೊತ್ತಿರಬಹುದು. ಆದರೆ ಮೇಲಿನವರಿಗೆ ಒಪ್ಪಿಸೋಕೆ ಏನಾದರೂ ಬೇಕು.” ಇದು ಸೂಕ್ಷ್ಮವಾದ ಗಮನಿಕೆ. ವಿಚಾರಣೆ ಮಾಡುವವನ ತಲೆಯ ಮೇಲೂ ಒಬ್ಬ ಅಧಿಕಾರಿ ಕೂತಿರುವುದನ್ನು ಚಿತ್ರ ತೋರಿಸುತ್ತದೆ. ಅವನಿಗೆ ಮಾಹಿತಿ ಬೇಕಿಲ್ಲ. ಮೊದಲೇ ಬರೆದಿಟ್ಟ ಕಥೆಗೆ ಒಂದು ಬಾಯಿ ಬೇಕು.

ಹುಡುಗ ಕಾಗದಗಳನ್ನು ಓದುತ್ತಾ ಹೋದ. ತಪ್ಪೊಪ್ಪಿಗೆಯ ದೃಶ್ಯಕ್ಕೆ ಬಂದಾಗ ತನ್ನ ಕಾಗದವನ್ನೂ ಓದಿದ: “ಬಿಡ್ತೀನಿ ಅಂತ ಹೇಳಿ ಒಪ್ಪಿಸಿದ್ರು. ಒಪ್ಪಿದ ಮೇಲೂ ಬಿಡಲಿಲ್ಲ. ಆದರೂ ಅವನು ಒಪ್ಪಬಾರದಿತ್ತು.”

ಆಗ ಮಾತಾಡಿದವರು ಆ ಹಿರಿಯರು. ಅಡಿಕೆ ತೋಟದ ಮನೆಯವರು. ಮೊದಲ ದಿನವೂ ಬಂದಿದ್ದರು, ಏನೂ ಹೇಳಿರಲಿಲ್ಲ.

“ತಮ್ಮಾ, ನೀನು ಹೇಳಿದ್ದನ್ನೇ ನಾನೂ ಹೇಳ್ತಿದ್ದೆ, ಒಳಗೆ ಹೋಗೋ ತನಕ. ತುರ್ತು ಪರಿಸ್ಥಿತಿಲಿ ನನ್ನನ್ನ ಮೀಸಾದಲ್ಲಿ, ಅಂದ್ರೆ ಕೋರ್ಟಿನ ವಿಚಾರಣೆ ಇಲ್ಲದೆ ಒಳಗಿಡೋ ಕಾಯ್ದೆಯಲ್ಲಿ, ಹಿಡಿದಿದ್ರು. ಮನೇಲಿ ಅಪ್ಪಯ್ಯನಿಗೆ ಲಕ್ವ ಹೊಡೆದಿತ್ತು. ಕೊಯ್ಲು ನಿಂತಿತ್ತು. ಇಂದಿರಾ ಸರ್ಕಾರದ ಇಪ್ಪತ್ತು ಅಂಶದ ಕಾರ್ಯಕ್ರಮಕ್ಕೆ ನನ್ನ ಬೆಂಬಲ ಇದೆ, ಇನ್ಮೇಲೆ ಚಳವಳಿಗೆ ಹೋಗಲ್ಲ ಅಂತ ಮುಚ್ಚಳಿಕೆ ಬರೆದುಕೊಟ್ಟೆ. ಯಾರೂ ನನಗೆ ಹೊಡೀಲಿಲ್ಲ. ಕಾಗದ ಮುಂದಿಟ್ಟು ಟೀ ಕೊಟ್ರು, ಅಷ್ಟೇ. ಹೊರಗೆ ಬಂದ ಮೇಲೆ ಜೊತೆಯಲ್ಲಿದ್ದವರು ನನ್ನ ಹತ್ರ ಮಾತು ಬಿಟ್ರು. ಹೋರಾಟಗಾರರಿಗೆ ಸನ್ಮಾನ ಅಂತ ಕರೆದಾಗಲೂ ನಾನು ಹೋಗಿಲ್ಲ. ಹೆಂಗೆ ಹೋಗ್ಲಿ?”

ಹುಡುಗ, “ಸರ್, ನಿಮಗೆ ಬೇಜಾರು ಮಾಡೋಕೆ ಅಂದಿದ್ದಲ್ಲ” ಎಂದ.

“ಬೇಜಾರಿಲ್ಲ ಮಗಾ. ಸಹಿ ಹಾಕದೇ ಇದ್ದವರು ದೊಡ್ಡವರೇ. ಅವರನ್ನ ಕಂಡರೆ ನಾನು ಇವತ್ತೂ ಕೈ ಮುಗೀತೀನಿ. ಆದ್ರೆ ಆ ಕಾಗದ ಬರೆದವನು ನಾನಲ್ಲ. ಅವರು ಬರೆದು ತಂದಿದ್ರು. ನನ್ನದು ಬರೀ ಸಹಿ.”

ಕೊನೆಯ ಆ ಮಾತು ಎಲ್ಲವನ್ನೂ ತಿರುಗಿಸಿತು. ಹುಡುಗ ಸ್ವಲ್ಪ ಹೊತ್ತು ಯೋಚಿಸಿ ಕೇಳಿದ: “ಹಾಗಾದ್ರೆ ಬಹಾರಿ ಹೇಳಿದ್ದನ್ನ ಟಿವಿಯಲ್ಲಿ ತೋರಿಸಿದವರು? ಅವರೂ ಪತ್ರಕರ್ತರೇ ಅಲ್ವಾ?”

ಈ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಸಂಚಾಲಕಿಯ ಹತ್ತಿರ ಇದಕ್ಕೆ ಸಂಬಂಧಿಸಿದ ಒಂದು ನಿಜ ಸಂಗತಿ ಇತ್ತು. ಬಹಾರಿ ಜೈಲಿನಲ್ಲಿದ್ದಾಗ ಒತ್ತಾಯದಿಂದ ಕೊಡಿಸಿದ ಸಂದರ್ಶನವನ್ನು ಇರಾನ್ ಸರ್ಕಾರದ ಇಂಗ್ಲಿಷ್ ವಾಹಿನಿ ‘ಪ್ರೆಸ್ ಟಿವಿ’ ಪ್ರಸಾರ ಮಾಡಿತ್ತು. ಬಹಾರಿ ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ ದೂರು ಕೊಟ್ಟರು. ಸಂಸ್ಥೆ 2011ರಲ್ಲಿ ವಾಹಿನಿಗೆ ಒಂದು ಲಕ್ಷ ಪೌಂಡ್ ದಂಡ ಹಾಕಿತು. 2012ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ಅದರ ಪ್ರಸಾರ ಪರವಾನಗಿಯೇ ರದ್ದಾಯಿತು. ವಾಹಿನಿಯ ನಿಯಂತ್ರಣ ಟೆಹರಾನ್‌ನಲ್ಲಿದೆ ಎಂಬ ವಿಷಯ ಅಷ್ಟರಲ್ಲಿ ಎದ್ದಿತ್ತು, ದಂಡವನ್ನೂ ಕಟ್ಟಿರಲಿಲ್ಲ.

ಆಮೇಲೆ ವಕೀಲರು ಮಾತಾಡಿದರು. ನಮ್ಮ ಕಾನೂನಿನಲ್ಲಿ ಪೊಲೀಸ್ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ರುಜುವಾತಾಗಿ ಬಳಸುವ ಹಾಗಿಲ್ಲ. ಮೊದಲು ಸಾಕ್ಷ್ಯ ಕಾಯ್ದೆಯ 25ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ. ಯಾವ ಆರೋಪಿಯನ್ನೂ ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಒತ್ತಾಯಿಸಬಾರದು ಎಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. “ಕೋರ್ಟು ಆ ಮಾತನ್ನ ನಂಬಲ್ಲ. ಆದ್ರೆ ಮಾರನೇ ದಿನದ ಪೇಪರ್ ನಂಬುತ್ತೆ” ಎಂದರು.

ಮುಂದಿನ ಸಾಲಿನಲ್ಲಿದ್ದ ತಾಲೂಕು ವರದಿಗಾರರೊಬ್ಬರು ತಲೆ ಎತ್ತಿದರು. “ಅದನ್ನ ಬರೆಯೋನು ನಾನೇ” ಎಂದರು. “ಆರೋಪಿ ತಪ್ಪೊಪ್ಪಿಕೊಂಡಿದ್ದಾನೆ ಎಂದು ಪೊಲೀಸರು ತಿಳಿಸಿದ್ದಾರೆ. ವಾರಕ್ಕೊಂದು ಸಲನಾದ್ರೂ ಬರೀತೀನಿ. ಠಾಣೆಯಿಂದ ಪ್ರಕಟಣೆ ಬರುತ್ತೆ. ಫೋಟೋದಲ್ಲಿ ಹುಡುಗರು ಸಾಲಾಗಿ ನಿಂತಿರ್ತಾರೆ, ಮುಂದೆ ಬೈಕು, ಮೊಬೈಲು ಜೋಡಿಸಿರ್ತಾರೆ. ಒಪ್ಪಿಕೊಂಡ ಅಂತ ಬರೆಯೋ ಮೊದಲು ಆ ಹುಡುಗನ ಮನೆಯವರಿಗೆ ಒಂದು ಫೋನ್ ಮಾಡೋಣ ಅಂತ ಇವತ್ತಿನ ತನಕ ನನಗೆ ಹೊಳೆದಿಲ್ಲ.”

ಇರಾನಿನ ಕಥೆ ಚಿಕ್ಕಮಗಳೂರಿಗೆ ಬಂದದ್ದು ಆ ಹೊತ್ತಿನಲ್ಲಿ. ಮೊದಲ ಸಂಜೆ 151 ಎಂಬ ಅಂಕಿ ಮಾಡದ ಕೆಲಸವನ್ನು ಒಬ್ಬ ವರದಿಗಾರನ ದಿನನಿತ್ಯದ ಸಾಲು ಮಾಡಿತು. ಇಂದಿರಾ ಅವರ ಪರ ಇದ್ದವರಿಗೂ ವಿರುದ್ಧ ಇದ್ದವರಿಗೂ ಅದರ ಬಗ್ಗೆ ಒಟ್ಟಿಗೆ ಮಾತಾಡಲು ಸಾಧ್ಯವಾಯಿತು. ಆ ಸಾಲು ಎಲ್ಲರ ಮನೆಯ ಪೇಪರಿನಲ್ಲೂ ಇತ್ತಲ್ಲ.

ಆಮೇಲೆ ಏನಾಯಿತು, ಏನಾಗಲಿಲ್ಲ

ವಿದ್ಯಾರ್ಥಿಗಳು ಒಂದು ವಾರದ ಕನ್ನಡ ಪತ್ರಿಕೆಗಳ ಜಿಲ್ಲಾ ಪುಟಗಳನ್ನು ತೆಗೆದು ಅಪರಾಧ ಸುದ್ದಿಗಳನ್ನು ಕತ್ತರಿಸಿ ಒಂದು ಹಲಗೆಗೆ ಅಂಟಿಸಿದರು. ಎಲ್ಲಿ ‘ಒಪ್ಪಿಕೊಂಡಿದ್ದಾನೆ’ ಎಂದಿದೆ, ಅದರ ಕೆಳಗೆ ಆರೋಪಿಯ ಕಡೆಯವರ ಅಥವಾ ವಕೀಲರ ಮಾತು ಇದೆಯಾ ಎಂದು ನೋಡಿದರು. ಆ ಹಲಗೆ ಈಗಲೂ ವಿಭಾಗದ ಗೋಡೆಯ ಮೇಲಿದೆ. ವರದಿಗಾರರು ತಮ್ಮ ಕಾಪಿಯಲ್ಲಿ ಆ ವಾಕ್ಯ ಬಿಟ್ಟರು. ‘ಬಂಧಿಸಲಾಗಿದೆ, ವಿಚಾರಣೆ ನಡೆದಿದೆ’ ಎಂದಷ್ಟೇ ಬರೆಯುತ್ತಾರೆ. ಪತ್ರಿಕಾ ಕಚೇರಿಯಲ್ಲಿ ಸುದ್ದಿ ತಿದ್ದುವ ಡೆಸ್ಕಿನವರು ಕೆಲವೊಮ್ಮೆ ಠಾಣೆಯ ಪ್ರಕಟಣೆ ನೋಡಿ ಅದನ್ನು ಮತ್ತೆ ಸೇರಿಸುತ್ತಾರೆ. ಪ್ರತಿ ಸುದ್ದಿಗೆ ಇಷ್ಟು ಅಂತ ದುಡ್ಡು ಸಿಗುವ ವರದಿಗಾರ ಡೆಸ್ಕಿನ ಜೊತೆ ಎಷ್ಟು ಸಲ ಜಗಳ ಆಡಬಹುದು? ಠಾಣೆಯ ಜೊತೆ ಸಂಬಂಧ ಕೆಟ್ಟರೆ ನಾಳೆಯ ಸುದ್ದಿಯೇ ಸಿಗುವುದಿಲ್ಲ. ಈ ಮಿತಿಯನ್ನು ಮರೆತು ಆತನಿಗೆ ಬುದ್ಧಿ ಹೇಳುವುದು ನ್ಯಾಯವಲ್ಲ.

ಹುಡುಗ ಪೂರ್ತಿ ಬದಲಾಗಲಿಲ್ಲ. ಒಪ್ಪಬಾರದಿತ್ತು ಎಂದೇ ಈಗಲೂ ಹೇಳುತ್ತಾನೆ. ಬಹಾರಿ ಹೊರಬಂದ ಮೇಲೆ ಎಲ್ಲವನ್ನೂ ಬರೆದು ಹೇಳಿದ್ದು, ಇರಾನಿನ ನ್ಯಾಯಾಲಯ 2010ರಲ್ಲಿ ಅವರ ಗೈರುಹಾಜರಿಯಲ್ಲೇ ಹದಿಮೂರೂವರೆ ವರ್ಷ ಜೈಲು ಮತ್ತು 74 ಛಡಿ ಏಟಿನ ಶಿಕ್ಷೆ ಕೊಟ್ಟಿದ್ದು ತಿಳಿದ ಮೇಲೆ, “ಹೀರೋ ಆಗಿದ್ದು ಆಮೇಲೆ” ಎಂದ. ನನಗೆ ಆ ನಿಲುವಿನ ಬಗ್ಗೆ ಗೌರವವಿದೆ. ಅವನು ಹಿರಿಯರ ಮುಖ ನೋಡಿ ಅಭಿಪ್ರಾಯ ಬದಲಿಸಲಿಲ್ಲ. ಅವರ ಮನೆಗೆ ಮಾತ್ರ ಆಗಾಗ ಹೋಗುತ್ತಾನೆ, ಜೈಲಿನ ದಿನಗಳನ್ನು ಅವರು ಹೇಳಿದಂತೆ ಬರೆದುಕೊಳ್ಳುತ್ತಿದ್ದಾನೆ.

ಇಂಥ ಚಿತ್ರ ತೋರಿಸುವ ಬೇರೆ ಬಳಗಗಳಿಗೆ ಈ ಪ್ರಕರಣದಿಂದ ನಾನು ಹೇಳಬಹುದಾದದ್ದು ಇಷ್ಟು. ದೇಶಕ್ಕೂ ದೇಶಕ್ಕೂ ಹೋಲಿಕೆ ಹಚ್ಚಲು ಆತುರ ಬೇಡ. ದೃಶ್ಯದಲ್ಲಿ ಯಾರು ಏನು ಮಾಡಿದರು ಎಂಬಲ್ಲಿಂದ ಶುರು ಮಾಡಿದರೆ ಹೋಲಿಕೆ ಜನರ ಬಾಯಿಂದಲೇ ಬರುತ್ತದೆ, ಆಗ ಅದಕ್ಕೆ ಆಧಾರವೂ ಇರುತ್ತದೆ. ಒರಟಾಗಿ ಕೇಳಿದ ಪ್ರಶ್ನೆಯನ್ನು ಕೂರಿಸಬೇಡಿ. ಅನುಭವ ಇರುವ ಹಿರಿಯರನ್ನು ವೇದಿಕೆಗೆ ಹತ್ತಿಸುವ ಯೋಚನೆ ಬಂದರೆ ತಡೆಯಿರಿ. ನಮ್ಮ ಹಿರಿಯರನ್ನು ಮೊದಲೇ ಭಾಷಣಕ್ಕೆ ಕರೆದಿದ್ದರೆ ಮುಚ್ಚಳಿಕೆಯ ವಿಷಯ ಖಂಡಿತ ಹೇಳುತ್ತಿರಲಿಲ್ಲ, ಅವರೇ ನನಗೆ ಹಾಗೆಂದರು. ಒಬ್ಬ ವಕೀಲರನ್ನೂ, ಸುದ್ದಿ ಬರೆಯುವ ಒಬ್ಬರನ್ನೂ ತಪ್ಪದೆ ಕರೆಯಿರಿ. ಹಾಲ್ ಬುಕ್ ಮಾಡುವಾಗಲೇ ಎರಡು ಸಂಜೆಗೆ ಮಾಡಿ. ಮೊದಲ ಸಂಜೆ ಚೆನ್ನಾಗಿ ಹೋದರೂ ಎರಡನೆಯದನ್ನು ರದ್ದು ಮಾಡಬೇಡಿ.